ತಂಗಿಗೆ ಆದ ಅಪ್ಪಣೆ

ನನ್ನ ತಂಗಿಯ ಒಂದು ಕಿಡ್ನಿ ತೆಗೆದು ನನಗೆ ಹಾಕಬಹುದು ಎಂದು ಮೊದಲು ಒಪ್ಪಿಗೆ ಕೊಟ್ಟವಳು ನಮ್ಮ ಮನೆದೇವರು. ಡಾಕ್ಟರೆಲ್ಲ ಆಮೇಲೆ. ನಮ್ಮ ಕಡೆ ಹಾಗೇ. ಬೋರ್‌ವೆಲ್ ಕೊರೆಸಬೇಕೆ, ಮನೆಗೆ ಹೆಣ್ಣು ತರಬೇಕೆ, ಹಟ್ಟಿಯಲ್ಲಿರುವ ಹಸು ಮಾರಬೇಕೆ, ಎಲ್ಲದಕ್ಕೂ ಮಳವಳ್ಳಿ ಹತ್ತಿರದ ಆ ಸಣ್ಣ ಗುಡಿಗೆ ಹೋಗಿ ಅಮ್ಮನನ್ನು ಹೂ ಕೇಳಬೇಕು. ತಲೆಗೆ ನೀರು ಹುಯ್ದುಕೊಂಡು ಒದ್ದೆ ಬಟ್ಟೆಯಲ್ಲೇ ಎದುರು ನಿಲ್ಲಬೇಕು. ಪೂಜಾರಿ ಅಮ್ಮನ ಎರಡೂ ಭುಜಕ್ಕೆ ನೀರಿನಲ್ಲಿ ಅದ್ದಿದ ಹೂ ಅಂಟಿಸುತ್ತಾನೆ, ಬಂದವರು ತಮ್ಮ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಅದಕ್ಕೆ ಅಪ್ಪಣೆ ಎನ್ನುತ್ತಾರೆ. ಅಪ್ಪಣೆ ಆದಮೇಲೆ ಹಿಂದೆ ಮುಂದೆ ನೋಡುವ ಹಾಗಿಲ್ಲ.

ನನಗೆ ಅದೆಲ್ಲ ನಗೆಯ ವಿಷಯವಾಗಿತ್ತು. ನಾನು ಮಂಡ್ಯದಲ್ಲಿದ್ದುಕೊಂಡು ಮದ್ದೂರಿನ ಕಾಲೇಜೊಂದಕ್ಕೆ ಓಡಾಡಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ನೀರು ಆರಿದ ಕಡೆಯ ಹೂ ಮೊದಲು ಬೀಳುತ್ತದೆ, ಬಾಗಿಲಿಂದ ಗಾಳಿ ಯಾವ ಕಡೆಗೆ ಬೀಸುತ್ತದೆ ನೋಡಿ ಎಂದು ಮನೆಯವರಿಗೆಲ್ಲ ಹೇಳಿ ಹೇಳಿ ಬೈಸಿಕೊಂಡವಳು. ನಮ್ಮವ್ವ ಅಂತೂ 'ನೀನು ಓದಿ ಕೆಟ್ಟೋದೆ ಕಣಮ್ಮಿ' ಎಂದು ನನ್ನ ಮೇಲೆ ಆಸೆ ಬಿಟ್ಟು ಎಷ್ಟೋ ವರ್ಷವಾಗಿತ್ತು.

ಸ್ಟಾಫ್ ರೂಮಿನಲ್ಲೂ ನನ್ನದು ಇದೇ ಜಗಳ. ನಮ್ಮ ಗಣಿತದ ಮೇಷ್ಟ್ರು ಮಂಡ್ಯದವರೇ, ಅವರ ತಂದೆ ಲಾರಿ ರಿಪೇರಿ ಮಾಡುವ ಮೆಕ್ಯಾನಿಕ್. ಮೇಷ್ಟ್ರು ಒಂದು ಹೊತ್ತಿನ ನಮಾಜನ್ನೂ ಬಿಡದ ಮನುಷ್ಯ. ಅವರಿಗೂ ನನಗೂ ಟೀ ಬಂದ ಕೂಡಲೇ ಶುರುವಾಗುತ್ತಿತ್ತು. ಮನುಷ್ಯನ ಒಳ್ಳೆಯತನ ಮೇಲಿಂದ ಇಳಿದದ್ದಲ್ಲ, ಗುಂಪಿನಲ್ಲಿ ಬದುಕಿದ ಪ್ರಾಣಿಗಳಿಂದ ಬಂದದ್ದು ಎಂದು ನಾನು. ಜೇನುಹುಳ ಗೂಡು ಉಳಿಸಲು ಕುಟುಕಿ ತಾನು ಸಾಯುತ್ತದೆ, ಅದಕ್ಕೆ ಯಾವ ದೇವರು ಬಂದು ಹೇಳಿಕೊಟ್ಟ ಎಂದು ನಾನು. ಅವರು ನಕ್ಕು, 'ತಾನಾಗೇ ಬರೋ ಹಾಗಿದ್ರೆ ಮೇಲಿನವನು ಯಾಕೆ ಅಪ್ಪಣೆ ಮಾಡ್ಬೇಕಿತ್ತು ಮೇಡಂ? ಹಸಿವಾದಾಗ ಊಟ ಮಾಡು ಅಂತ ಯಾರಾದ್ರೂ ಅಪ್ಪಣೆ ಮಾಡ್ತಾರಾ?' ಎನ್ನುತ್ತಿದ್ದರು.

'ಹಾಗಾದ್ರೆ ನಾಳೆ ಅವನು ಕದಿ ಅಂದ್ರೆ ಕದೀತೀರಾ?'

'ಅವನು ಹಾಗೆ ಅನ್ನಲ್ಲ.'

'ಅನ್ನಲ್ಲ ಅಂತ ನಿಮಗೆ ಹೇಗೆ ಗೊತ್ತು ಸಾರ್? ಕದಿಯೋದು ತಪ್ಪು ಅಂತ ನಿಮ್ಮೊಳಗೇ ಮೊದಲೇ ಇದೆ. ಅದಕ್ಕೇ ಅವನು ಅನ್ನಲ್ಲ ಅಂತೀರಿ.'

ಅವರು ತಲೆ ಕೆರೆದುಕೊಂಡು, ಬೆಲ್ ಆಯಿತು ಎಂದು ಚಾಕ್‌ಪೀಸ್ ಹಿಡಿದು ಎದ್ದುಬಿಡುತ್ತಿದ್ದರು. ಗೆದ್ದೆ ಎಂದು ನನಗೆ ಖುಷಿ. ಯಾರ ಜೀವಕ್ಕೂ ಸಂಬಂಧವಿಲ್ಲದ ಜಗಳ ಗೆಲ್ಲುವುದು ಏನು ಮಹಾ.

ಆಮೇಲೆ ನನ್ನ ಕಾಲು ಊದಿಕೊಂಡಿತು. ಮುಖ ಊದಿತು. ಬಸ್ಸಿನ ಮೆಟ್ಟಿಲು ಹತ್ತಿದರೆ ಉಬ್ಬಸ. ಕಿಡ್ನಿ ಎರಡೂ ಹೋಗಿವೆ, ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರಬೇಕು, ಕಸಿ ಆದರೆ ಒಳ್ಳೆಯದು ಎಂದು ಮೈಸೂರಿನ ಆಸ್ಪತ್ರೆಯಲ್ಲಿ ಹೇಳಿದರು. ವರ್ಷಗಟ್ಟಲೆ ಬೋರ್ಡಿನ ಮೇಲೆ ಕಿಡ್ನಿಯ ಚಿತ್ರ ಬರೆದವಳು ನಾನು. ಅವತ್ತು ಡಾಕ್ಟರು ಅದೇ ಚಿತ್ರ ಬರೆದು ತೋರಿಸಿದರೆ ತಲೆಗೆ ಒಂದೂ ಹತ್ತಲಿಲ್ಲ. ಸಾಯುತ್ತೇನಾ, ಇಲ್ಲವಾ, ಅಷ್ಟು ಹೇಳಿ ಎನ್ನಬೇಕೆನ್ನಿಸಿತು. ಭಯ ಅಂದರೆ ಏನೆಂದು ನನಗೆ ತಿಳಿದದ್ದೇ ಆಗ. ಅಲ್ಲಿಂದ ಇಲ್ಲಿಯವರೆಗೆ ಅದು ನನ್ನನ್ನು ಬಿಟ್ಟಿಲ್ಲ.

ಮಂಡ್ಯದಲ್ಲೇ ದಿನ ಬಿಟ್ಟು ದಿನ ಡಯಾಲಿಸಿಸ್ ಶುರುವಾಯಿತು. ನೀರು ಕುಡಿಯಲೂ ಲೆಕ್ಕ. ಬಾಳೆಹಣ್ಣು ಬೇಡ, ಎಳನೀರು ಬೇಡ. ನಾಲೆ ತುಂಬ ನೀರು ಹರಿಯುವ ಊರಿನಲ್ಲಿ ನಾನು ಐಸಿನ ಚೂರು ಚೀಪುತ್ತಾ ಕೂತೆ. ಮನೆಯವರೆಲ್ಲರ ಮೇಲೂ ಹರಿಹಾಯುತ್ತಿದ್ದೆ. ಸಾರಿಗೆ ಉಪ್ಪು ಕಮ್ಮಿ ಎಂದರೆ ಅದಕ್ಕೂ ಗಂಡನ ಮೇಲೆ ರೇಗಾಟ. ಪಾಪ, ಉಪ್ಪು ಕಮ್ಮಿ ಹಾಕು ಎಂದವರು ಡಾಕ್ಟರು.

ಕಿಡ್ನಿ ಕೊಡುವವರು ಯಾರು ಎಂಬ ಮಾತು ಬಂತು. ಗಂಡನ ರಕ್ತದ ಗುಂಪು ಹೊಂದಲಿಲ್ಲ. ಅವ್ವನಿಗೆ ವಯಸ್ಸಾಗಿದೆ, ಸಕ್ಕರೆ ಬೇರೆ. ಮಗಳು ಡಿಗ್ರಿ ಮುಗಿಸಿದ್ದಳು. 'ನಾನು ಕೊಡ್ತೀನಮ್ಮ' ಅಂದಳು. ಅವಳ ಮೇಲೆ ಕೂಗಾಡಿಬಿಟ್ಟೆ. ಇನ್ನೊಂದು ಸಲ ಆ ಮಾತೆತ್ತಿದರೆ ಡಯಾಲಿಸಿಸ್ಸನ್ನೂ ಬಿಟ್ಟು ಸಾಯುತ್ತೇನೆ ಎಂದೆ. ಹುಡುಗಿ ಬೆದರಿ ಸುಮ್ಮನಾದಳು.

ಅದಾದ ಮಾರನೆಯ ದಿನ ತಂಗಿ ಬಂದಳು. ನನಗಿಂತ ಚಿಕ್ಕವಳು, ಕಿರುಗಾವಲಿಗೆ ಕೊಟ್ಟಿದೆ. ಗಂಡನಿಗೆ ಗದ್ದೆಯ ಕೆಲಸ, ಇವಳು ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸು ಹೊಲಿಯುತ್ತಾಳೆ, ಒಬ್ಬಳು ಮಗಳು ಹೈಸ್ಕೂಲಿನಲ್ಲಿದ್ದಾಳೆ. ಕೈಗೆ ಸೂಜಿ ಚುಚ್ಚಿಸಿಕೊಂಡು ಮಿಷನ್ನಿನ ಪಕ್ಕ ಮಲಗಿದ್ದ ನನ್ನನ್ನು ಬಾಗಿಲಲ್ಲೇ ನೋಡಿದವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಯಾರೂ ಕೇಳಿರಲಿಲ್ಲ. 'ನಂದೇ ತಗಳಿ, ನಮ್ಮಕ್ಕಂಗೆ ನಂದೇ ಆಕಿ' ಎಂದು ನರ್ಸಿಗೇ ಹೇಳಿಬಿಟ್ಟಳು, ನರ್ಸೇ ಕಿಡ್ನಿ ತೆಗೆಯುವವಳು ಎನ್ನುವ ಹಾಗೆ. ನಾನು ಅವಳ ಕೈ ಹಿಡಿದು ಗೊಳೋ ಎಂದು ಅತ್ತೆ. ಬೇಡ ಎಂದು ಬಾಯಿಮಾತಿಗೂ ಅನ್ನಲಿಲ್ಲ. ಹಿಂದಿನ ದಿನ ಮಗಳಿಗೆ ಕೂಗಾಡಿದ ಬಾಯಿ ಅದೇ. ತಂಗಿಗೂ ಒಬ್ಬಳು ಮಗಳಿದ್ದಾಳೆ ಎಂಬುದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ.

ರಕ್ತ ಹೊಂದಿತು. ಬೇರೆ ಪರೀಕ್ಷೆಗಳೂ ಒಂದೊಂದಾಗಿ ಸರಿ ಬಂದವು. ಆಗ ತಂಗಿಯೇ ಫೋನ್ ಮಾಡಿ ನಮ್ಮ ಮನೆಯಲ್ಲೇ ಇದ್ದ ಅವ್ವನ ಹತ್ತಿರ ಮಾತೆತ್ತಿದಳು. 'ಅಮ್ಮನ್ನ ಒಂದ್ ಮಾತು ಹೂ ಕೇಳ್ಬುಡಾನ ಕಣವ್ವ. ಕೇಳ್ದೆ ಇಂಥದ್ಕೆಲ್ಲ ಕೈ ಆಕ್ಬಾರ್ದು.'

ಅವ್ವನಿಗೆ ಹಿಗ್ಗೋ ಹಿಗ್ಗು. ಕಿರಿಯವಳಿಗಾದರೂ ದೇವರು ದಿಂಡರು ಅಂತ ಭಯಭಕ್ತಿ ಇದೆಯಲ್ಲ ಎಂದು ನನಗೆ ಕೇಳುವ ಹಾಗೆ ಹೇಳಿದಳು. ನನಗೋ ಭಯ. ಎಲ್ಲ ಸರಿ ಬಂದಿರುವಾಗ ಒಂದು ಒದ್ದೆ ಹೂ ಎಡಕ್ಕೆ ಬಿದ್ದರೆ ನನ್ನ ಕಥೆ ಮುಗಿಯಿತು. ಇವರು ಕೇಳುವ ಜನವೇ? ಡಾಕ್ಟರು ಆಗುತ್ತದೆ ಎಂದರೂ ಅಮ್ಮ ಬೇಡ ಎಂದರೆ ಬೇಡವೇ. ಬೇಡಿ, ಹೋಗಬೇಡಿ ಎಂದು ಗಲಾಟೆ ಮಾಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಗುಡಿಗೆ ನಾನೂ ಹೋದೆ. ಮನೆಯಲ್ಲಿ ಕೂತು ಕಾಯುವುದಕ್ಕಿಂತ ಅಲ್ಲೇ ನಿಂತು ನೋಡುವುದು ವಾಸಿ ಅನ್ನಿಸಿತು. ತಂಗಿ ಬಾವಿಕಟ್ಟೆಯಲ್ಲಿ ತಲೆಗೆ ನೀರು ಹುಯ್ದುಕೊಂಡು ಬಂದು ಒದ್ದೆ ಸೀರೆಯಲ್ಲಿ ನಿಂತಳು. ನನಗೆ ನೀರು ಹುಯ್ದುಕೊಳ್ಳುವ ಹಾಗಿರಲಿಲ್ಲ, ಕೈಯಲ್ಲಿ ಡಯಾಲಿಸಿಸ್ಸಿನ ಗಾಯಕ್ಕೆ ಪಟ್ಟಿ ಕಟ್ಟಿತ್ತು, ತಲೆಗೆ ಒಂದಿಷ್ಟು ಚಿಮುಕಿಸಿದರು. ಪೂಜಾರಿ ಹೂ ಅಂಟಿಸಿ ಪಕ್ಕಕ್ಕೆ ಸರಿದ. 'ಅಕ್ಕಂಗೆ ನನ್ನ ಕಿಡ್ನಿ ಕೊಡ್ಬೌದಾ ತಾಯಿ, ನೀನೇ ಯೋಳು' ಎಂದು ತಂಗಿ ಕೇಳಿದಳು. ದನಿ ನಡುಗುತ್ತಿತ್ತು. ಚಳಿಗೆ ಅಂದುಕೊಂಡೆ.

ಹೂ ಬೀಳಲಿಲ್ಲ. ಪೂಜಾರಿ ಗಂಟೆ ಬಾರಿಸಿದ. ಅವ್ವ ಕೈ ಮುಗಿದು ಏನೇನೋ ಹರಕೆ ಹೊತ್ತುಕೊಳ್ಳುತ್ತಿದ್ದಳು. ನಾನು, ನೀರು ಆರಿದ ಕಡೆ ಹೂ ಬೀಳುತ್ತದೆ ಎಂದು ಊರಿಗೆಲ್ಲ ಪಾಠ ಹೇಳಿದ ನಾನು, ಬಲಗಡೆ ಹೂವಿನ ಮೇಲೆ ಕಣ್ಣು ನೆಟ್ಟು, 'ಬೀಳಮ್ಮ, ನಿನ್ನ ದಮ್ಮಯ್ಯ, ಬೀಳು' ಎಂದು ಬೇಡಿಕೊಳ್ಳುತ್ತಿದ್ದೆ. ಬೇಕಾದ್ದು ಕೊಡುತ್ತೇನೆ ಅಂದೆ. ಇನ್ನು ಮುಂದೆ ನಗುವುದಿಲ್ಲ ಅಂದೆ. ಹೀಗೆ ನಿಂತಿರುವಾಗ ಬಲಗಡೆಯ ಹೂ ಜಾರಿ ಅಮ್ಮನ ಮಡಿಲಿಗೆ ಬಿತ್ತು.

'ಆಯ್ತು ಕಣ್ರವ್ವ! ಅಪ್ಪಣೆ ಆಯ್ತು!' ಎಂದು ಪೂಜಾರಿ ಕೂಗಿದ. ಆ ಹೂವನ್ನು ತಂಗಿಯ ಕೈಗೇ ಕೊಟ್ಟ. ಅವ್ವ ಹೆತ್ತ ಮಗಳ ಕಾಲಿಗೆ ಬಿದ್ದುಬಿಟ್ಟಳು. ಅಲ್ಲಿದ್ದ ಹೆಂಗಸರೆಲ್ಲ ಬಂದು ಅವಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ತಂಗಿ ನಕ್ಕಳು. ಬ್ಲೌಸಿನ ಅಳತೆಗೆ ಬಂದವರೊಡನೆ ನಗುವ ಹಾಗೆ, ಹಲ್ಲು ಮಾತ್ರ ಕಾಣುವ ಹಾಗೆ ನಕ್ಕಳು. ಅವತ್ತು ನಾನು ಅದನ್ನು ನೋಡಿಯೂ ನೋಡಲಿಲ್ಲ. ಬದುಕಿದೆ, ಬದುಕಿದೆ ಎಂಬುದು ಬಿಟ್ಟು ನನಗೆ ಬೇರೇನೂ ಕೇಳಿಸುತ್ತಿರಲಿಲ್ಲ.

ಆಮೇಲಿನ ವಾರಗಳಲ್ಲಿ ಕಣ್ಣಿಗೆ ಬೀಳತೊಡಗಿತು. ಪರೀಕ್ಷೆಗೆಂದು ಅವಳು ನಮ್ಮ ಮನೆಯಲ್ಲೇ ಬಂದು ಉಳಿಯುತ್ತಿದ್ದಳು. ಬಂದಾಗ ಒಂದು ಸಲ ದೊಡ್ಡ ಡಬ್ಬದ ತುಂಬ ಖಾರದ ಪುಡಿ ಮಾಡಿಸಿಕೊಂಡು ಬಂದಳು. ನಮ್ಮ ಮನೆಗೆ ಎರಡು ವರ್ಷಕ್ಕಾಗುವಷ್ಟು. 'ಇದ್ಯಾಕೆ ಇಷ್ಟು?' ಎಂದರೆ, 'ನಮ್ಮನೇಲೂ ಅಷ್ಟೇ ಮಾಡಿಟ್ಟಿವ್ನಿ ಕಣಕ್ಕ, ಇರ್ಲಿ ಅಂತ' ಅಂದಳು. ಹೊಲಿಯಲು ಬಂದ ಬಟ್ಟೆಗಳನ್ನೆಲ್ಲ ಮುಗಿಸಿ ಕೊಟ್ಟುಬಿಟ್ಟಿದ್ದಳು, ಹೊಸದು ತೆಗೆದುಕೊಳ್ಳುತ್ತಿರಲಿಲ್ಲ. ಮಗಳಿಗೆ ಫೋನಿನಲ್ಲಿ ಮುದ್ದೆ ತೊಳಸುವುದು ಹೇಳಿಕೊಡುತ್ತಿದ್ದಳು. ಆ ಮಗುವಿಗೆ ಓದಿಕೋ ಎನ್ನುವುದು ಬಿಟ್ಟು ಮುದ್ದೆ ಯಾಕೆ ಎಂದರೆ, 'ಕಲ್ತಿರ್ಲಿ, ಅವರಪ್ಪಂಗೆ ಎಸ್ರಿಗೆ ನೀರಿಡಕ್ಕೂ ಬರಕಿಲ್ಲ' ಎಂದಳು. ತಟ್ಟೆಯ ಮುಂದೆ ಕೂತರೆ ತುತ್ತು ಹಿಡಿದುಕೊಂಡೇ ಇರುತ್ತಿದ್ದಳು. ದೇವರ ಕೆಲಸಕ್ಕೆ ಒಪ್ಪತ್ತು ಮಾಡ್ತಾವಳೆ ಎಂದು ಅವ್ವ ಎಲ್ಲರಿಗೂ ಹೇಳಿಕೊಂಡು ಬಂದಳು.

ಆಸ್ಪತ್ರೆಯಲ್ಲಿ ಎಲ್ಲ ಸರಿ ಬಂದು ಬಿಪಿಯೊಂದು ಕೈಕೊಟ್ಟಿತು. ತೋಳಿಗೆ ಪಟ್ಟಿ ಸುತ್ತಿದ ಕೂಡಲೇ ಅವಳ ಬಿಪಿ ಏರುತ್ತಿತ್ತು. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರೆ ಇನ್ನೂ ಜಾಸ್ತಿ. ಕಿರುಗಾವಲಿನಲ್ಲಿ ನೋಡಿಸಿದರೆ ಸರಿಯಾಗಿಯೇ ಇರುತ್ತಿತ್ತು. ಕೆಲವರಿಗೆ ಆಸ್ಪತ್ರೆ ಕಂಡರೆ ಹೀಗಾಗುತ್ತದೆ, ಒಂದು ದಿನ ಪೂರ್ತಿ ತೋಳಿಗೆ ಮಿಷನ್ ಕಟ್ಟಿ ನೋಡೋಣ, ಸರಿ ಇದ್ದರೆ ಮುಂದುವರಿಯಬಹುದು ಎಂದರು ಡಾಕ್ಟರಮ್ಮ. ತಂಗಿ ಕಣ್ಣುಮುಚ್ಚಿ ಅಮ್ಮನ ಹೆಸರು ಹೇಳಿಕೊಳ್ಳುತ್ತಾ ಕೂತಿರುತ್ತಿದ್ದಳು. ಅಂಗೈ ಮುಟ್ಟಿದರೆ ತಣ್ಣಗೆ, ಬೆವರು. ಈ ಲಕ್ಷಣಗಳನ್ನು ನಾನು ವರ್ಷವರ್ಷವೂ ತರಗತಿಯಲ್ಲಿ ಬಾಯಿಪಾಠ ಮಾಡಿಸುತ್ತೇನೆ. ನಾಯಿ ಕಂಡ ಬೆಕ್ಕಿಗೆ ಆಗುವುದೂ ಇದೇ.

ಒಂದು ಮಧ್ಯಾಹ್ನ ಅವ್ವ ಮಲಗಿದ್ದಳು. ನಾವಿಬ್ಬರೇ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆವು. ತಡೆಯಲಾಗದೆ ಕೇಳಿದೆ.

'ಏನಮ್ಮಿ, ಎದರ್ಕೆ ಆಗ್ತಾ ಇದ್ಯಾ?'

'ಇಲ್ಕಣಕ್ಕ.'

'ನಿಜ ಹೇಳು.'

'ಎದರ್ಕೆ ಯಾಕೆ? ಅಮ್ಮ ಅಪ್ಪಣೆ ಕೊಟ್ಟವ್ಳೆ. ಇನ್ನು ನಂದೇನದೆ?'

'ಅಮ್ಮನ ಮಾತು ಬುಡು. ನಿನಗೆ ಇಷ್ಟ ಇದ್ಯಾ?'

ಅವಳು ಬಿಡಿಸಿದ ಕಾಳನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ಕಾಳಿನ ಕಡೆಗೂ ಹಾಕುತ್ತಿದ್ದಳು. ಆಮೇಲೆ ಎದ್ದು ಹೋಗಿ ಅವ್ವ ಮಲಗಿದ್ದಾಳಾ ಎಂದು ಇಣುಕಿ ನೋಡಿ ಬಂದಳು.

'ಯಾರ್‌ಗೂ ಯೋಳ್ಬ್ಯಾಡ ಕಣಕ್ಕ. ಅವತ್ತು ಆಸ್ಪತ್ರೇಲಿ ನಿನ್ನ ನೋಡ್ದೇಟ್ಗೆ ಬಾಯಲ್ಲಿ ಬಂದ್ಬುಡ್ತು, ಕೊಡ್ತೀನಿ ಅಂತ. ಮನೆಗೋದ್ಮೇಲೆ ಮಗೀನ ಮಕ ನೋಡ್ದೆ, ಎದೆ ನಡುಗಕ್ ಸುರುವಾಯ್ತು. ಇಲ್ಲ ಅನ್ನಕ್ಕೆ ಬಾಯಿ ಬರಾಕಿಲ್ಲ. ಅದ್ಕೇ ಹೂ ಕೇಳಾನ ಅಂದೆ. ಎಡಗಡೆ ಕೊಡು ತಾಯಿ, ಎಡಗಡೆ ಕೊಡು ಅಂತ ಬೇಡ್ಕತಾ ನಿಂತಿದ್ದೆ ನಾನು.'

ಬಿಡಿಸುತ್ತಿದ್ದ ಕಾಯನ್ನು ನಾನು ಕೆಳಗಿಟ್ಟೆ.

'ಅವ್ಳು ಬ್ಯಾಡ ಅಂದಿದ್ರೆ ನೀನೂ ಬೈತಿರ್ಲಿಲ್ಲ, ಅವ್ವಾನೂ ಬೈತಿರ್ಲಿಲ್ಲ. ಅವ್ಳಿಗೆ ನನ್ನ ಕಳ್ಳಮನ್ಸು ಗೊತ್ತಾಗ್ಬುಡ್ತು. ಅದ್ಕೇ ಬಲಕ್ಕೆ ಕೊಟ್ಲು. ಈಗ ಕೊಡ್ದೆ ಇದ್ರೆ ಸುಮ್ನೆ ಬುಟ್ಟಾಳಾ? ನನ್ನ ಮಗೀಗೆ ಏನಾದ್ರೂ ಆದ್ರೆ?'

'ಕಿಡ್ನಿ ಕೊಟ್ರೆ ಯಾರೂ ಸಾಯಲ್ಲ ಕಣೆ. ಒಂದರಲ್ಲೇ ಚೆನ್ನಾಗಿರ್ತಾರೆ' ಎಂದೆ. ನನ್ನ ಬಾಯಿಂದ ಮೊದಲು ಹೊರಟದ್ದು ಈ ಮಾತು.

'ಗೊತ್ತು ಕಣಕ್ಕ. ಎಲ್ಲಾರೂ ಅಂಗೇ ಯೋಳ್ತಾರೆ. ಕೊಡ್ತೀನಿ ಬುಡು' ಎಂದು ಅವಳು ಮೂಗು ಒರೆಸಿಕೊಂಡು ಸಿಪ್ಪೆಯೊಳಗೆ ಸೇರಿದ್ದ ಕಾಳು ಆರಿಸತೊಡಗಿದಳು.

ಒಂದೇ ಗುಡಿಯಲ್ಲಿ ಅಕ್ಕಪಕ್ಕ ನಿಂತು ನಾನು ಬಲಕ್ಕೆ ಬೇಡಿದ್ದೆ, ಇವಳು ಎಡಕ್ಕೆ ಬೇಡಿದ್ದಳು. ನಂಬದವಳ ಬೇಡಿಕೆ ನೆರವೇರಿತ್ತು. ಆ ದಿನದಿಂದ ನನ್ನ ತಲೆಯೊಳಗೆ ಒಂದು ಕ್ಷಣ ನೆಮ್ಮದಿಯಿಲ್ಲ. ಆಪರೇಷನ್ ಎಂದರೆ ಯಾರಿಗೆ ಹೆದರಿಕೆ ಇಲ್ಲ, ಆದಮೇಲೆ ತಾನಾಗಿ ಸರಿಹೋಗುತ್ತಾಳೆ ಎಂದುಕೊಳ್ಳುತ್ತಿದ್ದೆ. ಒಂದು ತಿಂಗಳು ನೋವು, ಆಮೇಲೆ ಮತ್ತೆ ಹೊಲಿಗೆ ಮಿಷನ್ ತುಳಿಯುತ್ತಾಳೆ. ನಾನು ಸತ್ತರೆ ಸತ್ತೇ ಹೋಗುತ್ತೇನೆ. ತಕ್ಕಡಿಯಲ್ಲಿ ಹಾಕಿದರೆ ಯಾವುದು ಭಾರ? ಹೀಗೆ ನನಗೆ ನಾನೇ ಪಾಠ ಮಾಡಿಕೊಂಡು ಗೆದ್ದೆ ಎಂದುಕೊಂಡ ಕೂಡಲೇ ಆ ಖಾರದ ಪುಡಿಯ ಡಬ್ಬ ಕಣ್ಣೆದುರು ಬರುತ್ತಿತ್ತು. ಹಾಳಾದ್ದು, ಅದನ್ನು ಅಟ್ಟದ ಮೇಲಿಡಿಸಿದೆ.

ಡಯಾಲಿಸಿಸ್ಸಿನ ದಿನ ಗಣಿತದ ಮೇಷ್ಟ್ರು ಆಗಾಗ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಮಾತು ಮರೆಸಲು ಕಾಲೇಜಿನ ಚಾಡಿ ಹೇಳುತ್ತಿದ್ದರು. ಅವತ್ತು ನಾನು ಎಲ್ಲವನ್ನೂ ಅವರ ಮುಂದೆ ಕಕ್ಕಿಬಿಟ್ಟೆ. ಹೇಳಿದ್ದೇ ಜಗಳಕ್ಕೆ. 'ನೋಡಿದ್ರಾ ನಿಮ್ಮ ಮೇಲಿನವರ ಅಪ್ಪಣೆ? ಆ ಹೆಣ್ಣಿನ ಮೈ ಬೇಡ ಬೇಡ ಅಂತ ಬಡ್ಕೋತಾ ಇದೆ, ಅಪ್ಪಣೆ ಅವಳ ಬಾಯಿ ಕಟ್ಟಿಹಾಕಿದೆ.'

ಅವರು ಬೇಜಾರು ಮಾಡಿಕೊಳ್ಳಲಿಲ್ಲ. 'ಹಾಗಾದ್ರೆ ನಿಮ್ಮ ವಾದವೇ ಗೆದ್ದಿತು ಅನ್ನಿ. ಅವರ ಮೈಯಿನ ಮಾತೇ ಸರಿ ಅನ್ನೋದಾದ್ರೆ ಬೇಡ ಅಂದುಬಿಡಿ' ಎಂದರು.

'ನನ್ನ ಮೈ ಬೇಕು ಅಂತಿದೆಯಲ್ಲ ಸಾರ್!' ಎಂದೆ. ಪಕ್ಕದ ಹಾಸಿಗೆಯವರು ತಿರುಗಿ ನೋಡುವಷ್ಟು ಜೋರಾಗಿ ಅಂದೆ.

ಅವರು ತೀರಾ ಮೆಲ್ಲಗೆ, 'ಅಪ್ಪಣೆ ಆಗಿರೋದು ಅವರಿಗೆ ಮೇಡಂ. ಕೊಡು ಅಂತ. ತಗೋ ಅಂತ ನಿಮಗೆ ಯಾರೂ ಹೇಳಿಲ್ಲವಲ್ಲ' ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. ನಿಮ್ಮ ಎರಡೂ ಕಿಡ್ನಿ ನೆಟ್ಟಗಿವೆ, ಅದಕ್ಕೇ ತತ್ವ ಹೇಳುತ್ತೀರಿ, ಎದ್ದು ಹೋಗಿ ಎಂದೆ. ಪಾಪದ ಮನುಷ್ಯ ಎದ್ದು ಹೋಗಿ ಹೊರಗೆ ಬೆಂಚಿನ ಮೇಲೆ ಕೂತು, ಡಯಾಲಿಸಿಸ್ ಮುಗಿದ ಮೇಲೆ ನನ್ನನ್ನು ಮನೆಗೆ ಬಿಟ್ಟೇ ಹೋದರು.

ತಂಗಿಯ ತೋಳಿಗೆ ಆ ಬಿಪಿ ಮಿಷನ್ ಕಟ್ಟುವ ದಿನ ಬಂತು. ಮೈಸೂರಿಗೆ ಹೋದೆವು. ಅವಳನ್ನು ಹೊರಗೆ ಕೂರಿಸಿ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದರು. ಇದೊಂದು ಸರಿಬಂದರೆ ಆಪರೇಷನ್ನಿನ ತಾರೀಖು ಗೊತ್ತುಮಾಡಬಹುದು ಎಂದರು. ದಾನಿಯನ್ನು ಒಬ್ಬರನ್ನೇ ಕೂರಿಸಿ ಕೇಳಿದ್ದಾಗಿದೆ, ಮನಸಾರೆ ಕೊಡುತ್ತೇನೆ ಎಂದಿದ್ದಾರೆ, ನೀವು ಪುಣ್ಯವಂತರು ಎಂದರು.

'ಬೇಡ' ಅಂದೆ.

ನಾನು ಯೋಚನೆ ಮಾಡಿ ಅಂದದ್ದಲ್ಲ. ಬಸ್ಸಿನಲ್ಲಿ ಬರುವಾಗಲೂ ಈ ಮಿಷನ್ನಿನಲ್ಲಿ ಅವಳ ಬಿಪಿ ಇಳಿಯಲಿ ಎಂದೇ ಅಂದುಕೊಂಡು ಬಂದಿದ್ದೆ. ಬಾಯಿಂದ ಬಂದದ್ದು ಮಾತ್ರ ಇದು. ಯಾವುದು ಬೇಡ ಎಂದು ಡಾಕ್ಟರಮ್ಮ ಕೇಳಿದರು.

'ಮಿಷನ್ ಕಟ್ಟೋದು ಬೇಡ. ಬಿಪಿ ಜಾಸ್ತಿ ಇದೆ, ಆಗಲ್ಲ ಅಂತ ಹೇಳಿಬಿಡಿ ಅವಳಿಗೆ. ಅವಳಿಗೆ ಮನಸ್ಸಿಲ್ಲ. ಇಲ್ಲ ಅನ್ನೋಕೆ ಅವಳಿಂದ ಆಗಲ್ಲ.'

ಡಾಕ್ಟರಮ್ಮ ನನ್ನನ್ನೇ ನೋಡಿದರು. ಇಂಥದ್ದು ಅವರಿಗೆ ಹೊಸತಲ್ಲ ಎಂದು ಕಾಣುತ್ತದೆ. 'ಬೇರೆ ದಾನಿ ಇಲ್ಲ ನಿಮಗೆ. ಸತ್ತವರ ಕಿಡ್ನಿಗೆ ಸರದಿಯಲ್ಲಿ ಹೆಸರು ಬರೆಸಬಹುದು. ಯಾವಾಗ ಬರುತ್ತೋ ಹೇಳೋಕಾಗಲ್ಲ. ಗೊತ್ತಲ್ಲ?' ಎಂದರು.

'ಗೊತ್ತು.'

'ಮನಸ್ಸಿಲ್ಲದವರಿಂದ ನಾವೂ ತೆಗೆಯಲ್ಲ. ಕೊಡೋಕೆ ಆಗಲ್ಲ ಅಂತ ಅಷ್ಟೇ ಹೇಳ್ತೀನಿ. ಯಾರು ಹೇಳಿದ್ದು ಅಂತ ಹೇಳಲ್ಲ' ಎಂದು ಅವರು ಪೆನ್ನಿನ ಮುಚ್ಚಳ ಹಾಕಿದರು. ಅಯ್ಯೋ, ಏನು ಮಾಡಿದೆ ನಾನು! ಇಲ್ಲ ಡಾಕ್ಟ್ರೇ, ಮಿಷನ್ ಕಟ್ಟಿ, ಸುಮ್ಮನೆ ಅಂದೆ ಎನ್ನಲು ಬಾಯಿ ತೆರೆದೆ. ಆದರೂ ಹಾಗನ್ನದೆ ಎದ್ದು ಹೊರಗೆ ಬಂದೆ. ಆ 'ಬೇಡ' ನನ್ನೊಳಗೆ ಎಲ್ಲಿಂದ ಬಂತು ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ. ಮೇಲಿಂದ ಬಂದ ಅಪ್ಪಣೆ ಬಲಗಡೆಯದು, ಅದು ನನ್ನ ಪರ. ಮೈಯೊಳಗಿನ ಕೂಗು ಬದುಕು, ಬದುಕು ಎಂದು ನನ್ನ ಪರವೇ ಬೊಬ್ಬೆ ಹಾಕುತ್ತಿತ್ತು. ಎರಡೂ ಒಂದೇ ಕಡೆ ಇದ್ದವು. ಇದು ಯಾವುದು ಮೂರನೆಯದು? ನನ್ನ ಪುಸ್ತಕದಲ್ಲಿ ಅದಕ್ಕೊಂದು ಹೆಸರು ಇರಬಹುದು. ತಂಗಿಯೂ ನನ್ನದೇ ರಕ್ತ, ರಕ್ತ ರಕ್ತವನ್ನು ಕಾಯುತ್ತದೆ ಎಂದು ನಾನೇ ಮಕ್ಕಳಿಗೆ ಹೇಳಿದ್ದೇನೆ. ಮೇಷ್ಟ್ರು ತಮ್ಮ ಪುಸ್ತಕದಿಂದ ಇನ್ನೊಂದು ಹೆಸರು ಕೊಡುತ್ತಾರೆ. ಯಾರಾದರೂ ಏನಾದರೂ ಕರೆದುಕೊಳ್ಳಲಿ, ಅದು ನನಗೆ ಒಳ್ಳೆಯದು ಅನ್ನಿಸಲೇ ಇಲ್ಲ.

ತಂಗಿಯನ್ನು ಒಳಗೆ ಕರೆದರು. ನಾನು ಹೊರಗೆ ಕೂತೆ. ಬಾಗಿಲು ತೆರೆದು ಬಂದವಳ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. 'ಆಗಕಿಲ್ವಂತೆ ಕಣಕ್ಕ. ಬಿಪಿಗೇ ಇರ್ಬೇಕು' ಎಂದು ನನ್ನ ಪಕ್ಕ ಕುಸಿದು ಕೂತಳು. ಅವಳು ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. 'ಅಕ್ಕ, ಹೊಟ್ಟೆ ಅಸಿತಾ ಅದೆ' ಎಂದಳು.

ಕ್ಯಾಂಟೀನಿಗೆ ಹೋದೆವು. ಮಸಾಲೆ ದೋಸೆ ತರಿಸಿದಳು. ಎಷ್ಟು ದಿನದ ಮೇಲೆ ಅವಳು ತಿನ್ನುವುದನ್ನು ನಾನು ನೋಡಿದ್ದೋ. ಮುರಿಮುರಿದು ಬಾಯಿಗೆ ತುಂಬಿಕೊಂಡಳು. ಪಲ್ಯ ಬಳಿದು, ಚಟ್ನಿ ಕೇಳಿ ಹಾಕಿಸಿಕೊಂಡು, ಇನ್ನೊಂದು ತರಿಸಿದಳು. ಅದು ಅರ್ಧ ಮುಗಿಯುವಾಗ ಅವಳ ಕಣ್ಣಿಂದ ನೀರು ಸುರಿಯತೊಡಗಿತು, ಅಗಿಯುವುದು ನಿಲ್ಲಲಿಲ್ಲ. ಹೂ ಬಿದ್ದ ದಿನದಿಂದ ಕಾಣೆಯಾಗಿದ್ದ ನಮ್ಮ ಹುಡುಗಿಯ ಮುಖ ಮತ್ತೆ ಮೂಡಿತು. ಎಡಗೈಯಿಂದ ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡು, ನಗುತ್ತಾ ಅಳುತ್ತಾ ಹೇಳಿದಳು.

'ಅಮ್ಮ ಉಳಿಸ್ಬುಟ್ಲು ಕಣಕ್ಕ ನನ್ನ!'

ಹೇಳಿದ ಮೇಲೆ ಯಾರ ಮುಂದೆ ಹೇಳಿದೆ ಎಂಬುದು ಅವಳಿಗೆ ಗೊತ್ತಾಯಿತು. ತುಪ್ಪ ಮೆತ್ತಿದ ಕೈಯನ್ನೇ ಬಾಯಿಗೆ ಅಡ್ಡ ಇಟ್ಟುಕೊಂಡಳು. ಕಣ್ಣು ಅಗಲವಾದವು. ಅವಳು ಹಿಡಿದಿದ್ದ ನನ್ನ ಕೈಯಲ್ಲಿ ಡಯಾಲಿಸಿಸ್ಸಿನ ಸೂಜಿಗಾಗಿ ಆಪರೇಷನ್ ಮಾಡಿ ಉಬ್ಬಿಸಿದ ನರ ಪಟಪಟ ಹೊಡೆದುಕೊಳ್ಳುತ್ತಿತ್ತು. ಅವಳ ಬೆರಳಿಗೂ ಅದು ತಾಕುತ್ತಿತ್ತು. ಬಿಡಲೂ ಆಗದೆ ಹಿಡಿಯಲೂ ಆಗದೆ ಅವಳು ಹಾಗೇ ಕೂತಳು.

ನನಗೆ ಸಿಟ್ಟು ಬರಬೇಕಿತ್ತು. ಉಳಿಸಿದ್ದು ಅವಳಲ್ಲ ಕಣೆ, ನಾನು ಎನ್ನಬೇಕೆಂದು ಮಾತು ಗಂಟಲವರೆಗೆ ಬಂತು. ಅಷ್ಟರಲ್ಲಿ ಇನ್ನೊಂದು ಮಾತು ಮನಸ್ಸಿಗೆ ಬಂದು ಅದು ಅಲ್ಲೇ ನಿಂತಿತು. ಅಮ್ಮ ಉಳಿಸಿದ್ದೇ ಆದರೆ ಯಾರ ಕೈಯಿಂದ ಉಳಿಸಿದ್ದು? ನನ್ನ ಕೈಯಿಂದ.

'ಹೂಂ ಕಣಮ್ಮಿ, ಅವಳೇ ಉಳಿಸಿದ್ಲು' ಅಂದೆ. 'ತಿನ್ನು, ಆರೋಗ್ತದೆ.'